ಕೆಂಪು ಡಬ್ಬಿಯ ಅರಮನೆಯೂ ತೌಡಿನ ಪೀಪಾಯಿಯೂ

ಬರುವ ಬೇಸಿಗೆಯಲ್ಲಿ ನನ್ನ ಬಲಗೈ ತೌಡಿನ ಪೀಪಾಯಿಯೊಳಗೆ ಇಳಿಯುವುದಿಲ್ಲ. ಎಡಗೈಯೂ ಇಳಿಯುವುದಿಲ್ಲ!

ಹೀಗೆಂದು ನಾನು, ಅದಾಚಿ ತಮೋತ್ಸು, ಜಪಾನಿನ ಮತ್ಸುಯೆ ಊರಿನ ನೀರು ಸರಬರಾಜು ಕಛೇರಿಯ ಹಿರಿಯ ಗುಮಾಸ್ತ, ಏಪ್ರಿಲ್ ತಿಂಗಳ ಒಂದು ಸಂಜೆ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ನೆರೆದಿದ್ದ ಪ್ರಜಾಸಮೂಹದಲ್ಲಿ ಇದ್ದವಳು ಒಬ್ಬಳೇ, ನನ್ನ ಹೆಂಡತಿ ಮಿಸಾಯೊ. ಆಕೆ ಸೌತೆಕಾಯಿಯ ಉಪ್ಪಿನ ಹೋಳೊಂದನ್ನು ಕರುಂ ಎಂದು ಕಚ್ಚಿ, "ನೋಡೋಣ" ಎಂದಳು.

ಆ ಪೀಪಾಯಿ ನಮ್ಮ ಮನೆಗೆ ಮಿಸಾಯೊಳ ಜೊತೆಗೇ ಬಂದದ್ದು. ಅವಳ ಅಜ್ಜಿ ಕಲಸಿದ ತೌಡು, ಅವಳ ತಾಯಿ ಕಾಪಾಡಿದ ತೌಡು. ಉಪ್ಪು ನೀರು ಬೆರೆತ ಆ ಒದ್ದೆ ಮುದ್ದೆಯೊಳಗೆ ಬದನೆ, ಸೌತೆ, ಮೂಲಂಗಿ ಹೂತಿಟ್ಟರೆ ಮರುದಿನ ಅವು ಬೇರೆಯೇ ಜನ್ಮವೆತ್ತಿ ಮೇಲೆದ್ದು ಬರುತ್ತವೆ. ತಿನ್ನುವುದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ನಮ್ಮಲ್ಲಿ ಜುಲೈ, ಆಗಸ್ಟಿಗೆ ಬರುವ ಸೆಖೆಗಾಲದಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರಿಗೈ ಹಾಕಿ ತಳದಿಂದ ಮಗುಚಬೇಕು. ಮರೆತರೆ ತೌಡು ಮುನಿಸಿಕೊಂಡು ಹುಳಿಯುತ್ತದೆ. ಮಗುಚಿದರೆ ಕೈಗೆ ಹತ್ತುವ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ. ಆ ವರ್ಷ ಮಿಸಾಯೊಳ ಮಣಿಕಟ್ಟಿಗೆ ನೋವು ಬಂದಿತ್ತು.

"ರೀ, ಈ ಬೇಸಿಗೆ ಒಂದು ನೀವು ಮಗುಚಿಬಿಡಿ" ಎಂದಳು.

"ನಾನಾ? ದೂರು ಹೇಳೋಕೆ ಬಂದವರ ಮುಂದೆ ಈ ಕೈ ಚಾಚಿದ್ರೆ, ಊರಿನ ನಲ್ಲಿ ನೀರೇ ಕೊಳೆತುಹೋಗಿದೆ ಅಂತ ಓಡಿಹೋಗ್ತಾರೆ!"

"ಹಾಗಾದ್ರೆ ಪಣ ಕಟ್ಟೋಣ. ನೀವು ಕಂಪ್ಯೂಟರಿನಲ್ಲಿ ಏನೋ ಅರಮನೆ ಕಟ್ಟಿದೀರಲ್ಲ, ನನಗೂ ಅಂಥದ್ದೊಂದು ಕಟ್ಟಿಕೊಡಿ. ಯಾರ ಮನೆಗೆ ಮೊದಲು ಐದು ಸಾವಿರ ಅತಿಥಿಗಳು ಬರ್ತಾರೋ ಅವರು ಗೆದ್ದ ಹಾಗೆ. ಸೋತವರು ಬೇಸಿಗೆ ಪೂರ್ತಿ ಮಗುಚೋದು."

ನಾನು ಎದ್ದು ನಿಂತು ಘೋಷಿಸಿದ್ದು ಆಗಲೇ. ಯೋಚಿಸಿ ನೋಡಿ! ಒಂದು ವರ್ಷದಿಂದ ನಡೆಯುತ್ತಿರುವ ನನ್ನ ಜಾಲಪುಟದ ಎದುರಿಗೆ ಇನ್ನೂ ಹುಟ್ಟದ ಅವಳ ಜಾಲಪುಟ. ಅದನ್ನು ಕಟ್ಟಿಕೊಡುವ ಮೇಸ್ತ್ರಿಯೂ ನಾನೇ! ಇಂಥ ಪಣದಲ್ಲಿ ಸೋಲುವುದಕ್ಕೆ ವಿಶೇಷ ಪ್ರತಿಭೆ ಬೇಕು. ಅದು ನನ್ನಲ್ಲಿದೆ ಎಂದು ಆಗ ಗೊತ್ತಿರಲಿಲ್ಲ.

ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ ಕಿರುಚುತ್ತಾ ಬರುತ್ತಿದ್ದ ಕಾಲ ಅದು. ನನ್ನ ಪುಟದ ಹೆಸರು 'ಕೆಂಪು ಡಬ್ಬಿಯ ಅರಮನೆ'. ರಸ್ತೆಯ ಮೂಲೆಗಳಲ್ಲಿ ನಿಂತಿರುತ್ತವಲ್ಲ, ಹಳೆಯ ಕಾಲದ ದುಂಡನೆಯ ಕೆಂಪು ಅಂಚೆ ಡಬ್ಬಿಗಳು, ಅವನ್ನು ನಾನು ಪ್ರತಿ ಭಾನುವಾರ ಸೈಕಲ್ಲಿನಲ್ಲಿ ಹುಡುಕಿಕೊಂಡು ಹೋಗಿ ಫೋಟೋ ತೆಗೆಯುತ್ತೇನೆ. ಊರವರ ಗುಟ್ಟುಗಳನ್ನೆಲ್ಲ ನುಂಗಿ, ಬಿಸಿಲಿನಲ್ಲೂ ಹಿಮದಲ್ಲೂ ತುಟಿ ಬಿಚ್ಚದೆ ನಿಂತಿರುವ ಆ ಡಬ್ಬಿಗಳನ್ನು ಕಂಡರೆ ನಾನು ಸೈಕಲ್ಲಿನಿಂದಿಳಿದು ತಲೆ ಬಾಗುತ್ತೇನೆ. ಬೇರೆಯವರು ಏಕೆ ಬಾಗುವುದಿಲ್ಲವೋ ನಾ ಕಾಣೆ. ವರ್ಷ ಪೂರ್ತಿ ಆದ ಮೇಲೂ ಪುಟದ ಕೆಳಗಿನ ಕೌಂಟರ್ 'ನೀವು ನಮ್ಮ ಮುನ್ನೂರ ಹನ್ನೆರಡನೆಯ ಅತಿಥಿ' ಎನ್ನುತ್ತಿತ್ತು. ಅದರಲ್ಲಿ ಹೆಚ್ಚಿನವರು ನಾನೇ. ಅಂಚು ಸರಿಯಾಯಿತೇ, ಸಾಲು ನೆಟ್ಟಗಾಯಿತೇ ಎಂದು ತೆರೆದು ನೋಡಿದಾಗಲೆಲ್ಲ ಕೌಂಟರ್ ನನ್ನನ್ನೂ ಅತಿಥಿಯೆಂದು ಬಗೆದು ಬಾಗಿ ನಮಸ್ಕರಿಸುತ್ತಿತ್ತು.

ನನ್ನದು ಉಚಿತ ಜಾಗ. ಉಚಿತ ಜಾಗ ಕೊಡುವ ಮಹನೀಯರು ಬಾಡಿಗೆಯ ಬದಲು ನಮ್ಮ ಪುಟದ ನೆತ್ತಿಯ ಮೇಲೆ ತಮಗಿಷ್ಟವಾದ ಜಾಹೀರಾತು ಕೂರಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಕೂದಲು ಬೆಳೆಸುವ ಎಣ್ಣೆ! ಅದರ ಕೆಳಗೇ ನನ್ನ ಅಂಚೆ ಡಬ್ಬಿ, ನುಣ್ಣನೆಯ ಬೋಳುತಲೆ ಹೊತ್ತು, ಚಿಕಿತ್ಸೆಗೆ ಮೊದಲಿನ ರೋಗಿಯ ಹಾಗೆ ನಿಂತಿರುತ್ತಿತ್ತು. ಜಾಹೀರಾತನ್ನೂ ಡಬ್ಬಿಯನ್ನೂ ದೂರ ಮಾಡಲು ನಾನು ಪಟ್ಟ ಪಾಡು ಒಂದೆರಡಲ್ಲ. ಒಂದು ಸಾಲು ಕೆಳಗೆ ತಳ್ಳಿದರೆ ಡಬ್ಬಿ ಪಕ್ಕಕ್ಕೆ ಹಾರುತ್ತಿತ್ತು. ಪಕ್ಕದಿಂದ ಎಳೆದರೆ ಅಕ್ಷರಗಳು ಅದರ ಹೊಟ್ಟೆಯ ಮೇಲೇರುತ್ತಿದ್ದವು. ಕೊನೆಗೂ ಚೌಕಟ್ಟಿನೊಳಗೆ ಚೌಕಟ್ಟು, ಅದರೊಳಗೆ ಇನ್ನೊಂದು ಚೌಕಟ್ಟು ಹೆಣೆದು ಎಲ್ಲವನ್ನೂ ಮಿಲಿಟರಿ ಶಿಸ್ತಿಗೆ ತಂದೆ. ಅತಿಥಿ ಪುಸ್ತಕದಲ್ಲಿ ಮೊದಲ ಬರಹವೂ ಬಂತು: "ಎಣ್ಣೆಯ ಸೀಸೆಗೆ ಎಷ್ಟು?"

ಇನ್ನು ಮಿಸಾಯೊಳ ಪುಟ. ಅದನ್ನು ನಾನು ಒಂದು ಭಾನುವಾರ, ಅಕ್ಕಿ ಬೇಯುವಷ್ಟರಲ್ಲಿ ಕಟ್ಟಿಬಿಸಾಡಿದೆ. ಇನ್ನೊಂದು ಉಚಿತ ಜಾಗ, ಇನ್ನೊಂದು ಕೌಂಟರ್, 'ತೌಡಮ್ಮನ ಪೀಪಾಯಿ' ಎಂಬ ಹೆಸರು. ಮೂಲಂಗಿಯ ಫೋಟೋ ಮೂಲಂಗಿಗಿಂತಲೂ ಉದ್ದವಾಗಿ ಪುಟವನ್ನೆಲ್ಲ ಆಕ್ರಮಿಸಿತು. ಪಕ್ಕದಲ್ಲಿದ್ದ ಬರಹಕ್ಕೆ ಉಳಿದದ್ದು ಒಂದೇ ಒಂದು ಅಕ್ಷರದಷ್ಟು ಅಗಲ. ಪಾಪ, ಅಕ್ಷರಗಳು ಒಂದರ ಕೆಳಗೊಂದು, ಒಂದರ ಕೆಳಗೊಂದು ಬೀಳುತ್ತಾ ಪುಟದ ಪಾತಾಳದವರೆಗೆ ಇಳಿದುಹೋದವು. ಸರಿ ಮಾಡಬಹುದಿತ್ತು. ಆದರೆ ಪಣವಿತ್ತಲ್ಲ!

"ಇದು ಹೀಗೇ ಇರಬೇಕಾ?" ಎಂದು ಮಿಸಾಯೊ ಕೇಳಿದಳು.

"ಉಚಿತದ್ದು ಹೀಗೇ" ಎಂದೆ, ಮುಖವನ್ನು ಗಂಭೀರವಾಗಿಟ್ಟುಕೊಂಡು.

ಹದಿನೈದು ದಿನ ಕಳೆದಿರಲಿಲ್ಲ. ಒಂದು ಸಂಜೆ ಅವಳ ಅತಿಥಿ ಪುಸ್ತಕ ತೆರೆದು ನೋಡಿದ ನನಗೆ ಕುರ್ಚಿಯೇ ಜಾರಿತು. ಅಲ್ಲಿ ಜಾತ್ರೆ ನೆರೆದಿತ್ತು!

"ಈ ಕಾಲದಲ್ಲೂ ಮೇಲಿನಿಂದ ಕೆಳಕ್ಕೆ, ಅಜ್ಜಿಯಂದಿರು ಕುಂಚದಲ್ಲಿ ಬರೆಯುತ್ತಿದ್ದ ಹಾಗೆ ಬರೆದಿದ್ದೀರಿ! ಎಂಥ ಸಂಸ್ಕಾರ!" ಎಂದು ಒಬ್ಬರು. "ಒಂದೊಂದೇ ಅಕ್ಷರ ತೌಡಿನ ಹನಿಯ ಹಾಗೆ ತೊಟ್ಟಿಕ್ಕುತ್ತದೆ" ಎಂದು ಇನ್ನೊಬ್ಬರು. ಎಲ್ಲರಿಗಿಂತ ಹೆಚ್ಚು, ದಿನ ಬಿಟ್ಟು ದಿನ ಬರುತ್ತಿದ್ದವನು ಉತ್ತರದ ಹೊಕ್ಕೈದೋ ದ್ವೀಪದಲ್ಲಿರುವ, 'ಹಿಮಕರಡಿ' ಎಂದು ಸಹಿ ಹಾಕುತ್ತಿದ್ದ ಮನುಷ್ಯ. "ತೌಡಮ್ಮನವರೇ, ನಿಮ್ಮ ಬದನೆಯ ನೇರಳೆ ಬಣ್ಣ ಕಂಡು ಕಣ್ಣು ತುಂಬಿ ಬಂತು. ಆ ಪೀಪಾಯಿಗೆ ಇಳಿಯುವ ಕೈ ಎಷ್ಟು ಮೃದುವಾಗಿರಬೇಕು!"

ನನ್ನ ಹೆಂಡತಿಯ ಕೈ! ಅದು ಮೃದುವೋ ಒರಟೋ ತೀರ್ಮಾನಿಸಲು ಈ ಕರಡಿ ಯಾರು? ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ನಾನೇ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ!

"ಏನದು, ಈ ಕರಡಿಗೆ ಅಷ್ಟುದ್ದ ಉತ್ತರ ಬರೆದಿದೀಯಾ?" ಎಂದು ಕೇಳಿದೆ.

"ಬದನೆ ಬಣ್ಣ ಹೇಗೆ ಬರುತ್ತೆ ಅಂತ ಕೇಳಿದ್ರು. ತುಕ್ಕು ಹಿಡಿದ ಮೊಳೆ ಒಂದು ತೌಡಲ್ಲಿ ಹುಗಿದಿಡಿ ಅಂದೆ."

"ಮೊಳೆ ವಿಷಯಕ್ಕೆ ಮೂರು ಮುಗುಳ್ನಗೆ ಚಿಹ್ನೆ ಯಾಕೆ?"

"ನಿಮಗೂ ಒಂದು ಬೇಕಾ?"

ಅವಳಿಗೆ ಪೀಪಾಯಿ ತುಂಬ ತೌಡು, ನನಗೆ ಹೊಟ್ಟೆ ತುಂಬ ಕಿಚ್ಚು! ಕಛೇರಿಯಲ್ಲಿ ಪಕ್ಕದ ಮೇಜಿನ ಮೊಚಿದಾ ಬೇರೆ, ಊಟದ ಡಬ್ಬಿ ಬಿಚ್ಚುತ್ತಾ, "ಅದಾಚಿ, ನಿನ್ನ ಹೆಂಡತಿ ಪುಟ ನೋಡಿದೆ ಕಣಯ್ಯ. ನಮ್ಮನೆಯವಳು ಮೂರು ಸಲ ಓದಿದ್ಲು" ಎಂದ.

"ನನ್ನದು ನೋಡಿದ್ಯಾ?"

"ನಿನ್ನದೂ ಒಂದಿದ್ಯಾ?"

ಆವತ್ತು ಸಂಜೆ ನಾನೊಂದು ಕೆಲಸ ಮಾಡಿದೆ. ಅವಳ ಅತಿಥಿ ಪುಸ್ತಕದಲ್ಲಿ 'ದಾರಿಹೋಕ' ಎಂಬ ಕಳ್ಳ ಹೆಸರಿನಲ್ಲಿ, "ಅಂಚುಗಳು ಸರಿಯಿಲ್ಲ. ಮೂಲಂಗಿ ದೊಡ್ಡದಾಯಿತು. ಅಂಚೆ ಡಬ್ಬಿಗಳ ಒಂದು ಪುಟವಿದೆ, ಅಲ್ಲಿಯ ಶಿಸ್ತು ನೋಡಿ ಕಲಿಯಿರಿ" ಎಂದು ಬರೆದೆ. ಬೆಳಗಾಗುವಷ್ಟರಲ್ಲಿ ಅವಳ ಅತಿಥಿಗಳು ಸೊಂಟ ಕಟ್ಟಿ ನಿಂತಿದ್ದರು. "ಮೂಲಂಗಿಯನ್ನು ಮುಟ್ಟಬೇಡಿ!" ಎಂದು ಒಬ್ಬಳು. ಹಿಮಕರಡಿ ಮಾತ್ರ ಸಮಾಧಾನದಿಂದ, "ದಾರಿಹೋಕರೇ, ನಿಮ್ಮ ಮನೆಯಲ್ಲಿ ಒಳ್ಳೆಯ ಉಪ್ಪಿನಕಾಯಿ ಸಿಗುತ್ತಿಲ್ಲವೆಂದು ತೋರುತ್ತದೆ" ಎಂದು ಬರೆದಿದ್ದ. ನಾನು ಆ ಹೊತ್ತಿಗೆ ಅದೇ ಬದನೆಯ ಎರಡನೆಯ ತಟ್ಟೆ ಖಾಲಿ ಮಾಡುತ್ತಿದ್ದೆ!

ಮೇ ತಿಂಗಳು ಮುಗಿಯುವ ಹೊತ್ತಿಗೆ ಅವಳ ಕೌಂಟರ್ ಮೂರು ಸಾವಿರ ದಾಟಿತ್ತು. ನನ್ನದು ಮುನ್ನೂರ ಚಿಲ್ಲರೆಯಲ್ಲಿ ಕಾಲು ಚಾಚಿ ಮಲಗಿತ್ತು. ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಜನ ಬರುತ್ತಿರುವುದು ಆ ಉದ್ದ ಇಳಿಯುವ ಬರಹಕ್ಕಾಗಿ. ಹಾಗಾದರೆ ಅದನ್ನು ಸರಿಪಡಿಸಿಬಿಟ್ಟರೆ?

"ಮಿಸಾಯೊ, ನಿನ್ನ ಪುಟ ನೋಡಿ ನನಗೆ ಪಾಪ ಅನ್ಸುತ್ತೆ. ನೆಟ್ಟಗೆ ಮಾಡಿಕೊಡ್ತೀನಿ" ಎಂದೆ, ದಾನಶೂರನ ಧಾಟಿಯಲ್ಲಿ.

ಮಿಸಾಯೊ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಮಾಡಿ" ಎಂದಳು.

ಹೊಸದಾಗಿ ಹೆಣೆಯುವ ತಾಳ್ಮೆ ಯಾರಿಗಿದೆ? ನನ್ನ ಅರಮನೆಯ ಅಚ್ಚನ್ನೇ ಇಡಿಯಾಗಿ ಎತ್ತಿ ಅವಳ ಪುಟಕ್ಕೆ ತಂದಿಟ್ಟೆ. ಡಬ್ಬಿ ತೆಗೆದು ಮೂಲಂಗಿ ಕೂರಿಸಿದೆ, ಕೆಂಪು ಬಳಿದಲ್ಲಿ ನೇರಳೆ ಬಳಿದೆ, ಅತಿಥಿ ಪುಸ್ತಕದ ಕೊಂಡಿ ಬದಲಿಸಿದೆ. ಅಕ್ಷರಗಳು ಶಾಲೆಯ ಮಕ್ಕಳ ಹಾಗೆ ಅಡ್ಡಸಾಲಿನಲ್ಲಿ ನಿಂತವು. ಒಂದು ಸಣ್ಣ ಸಾಲನ್ನು ಬದಲಿಸಲು ಮರೆತಿದ್ದೆ. ಮರೆತಿದ್ದೇನೆ ಎಂಬುದೂ ನನಗೆ ಗೊತ್ತಿರಲಿಲ್ಲ. ಅವಳ ಪುಟವನ್ನು ಇನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಶಪಥ ಮಾಡಿ ಎದ್ದೆ. ಅಲ್ಲಿ ಆ ಕರಡಿಯ ಮುಖ ನೋಡುವ ಕರ್ಮ ನನಗೇಕೆ?

ಮರುದಿನ ಮಿಸಾಯೊ ಅಡುಗೆಮನೆಯಿಂದ ಇಣುಕಿದಳು. "ರೀ, ನನ್ನ ಕೌಂಟರ್ ಮೂರು ಸಾವಿರದಿಂದ ಮುನ್ನೂರಕ್ಕೆ ಇಳಿದುಬಿಟ್ಟಿದೆ."

ನನ್ನ ಎದೆಯಲ್ಲಿ ಪಟಾಕಿ ಸಿಡಿಯಿತು. ತುಟಿಯಲ್ಲಿ ಮಾತ್ರ ಸಂತಾಪ. "ಅಯ್ಯೋ! ಉಚಿತ ಕೌಂಟರ್ ನೋಡು. ಒಮ್ಮೊಮ್ಮೆ ಹಾಗೆ ನೆನಪು ತಪ್ಪುತ್ತೆ. ಏನ್ಮಾಡೋಕಾಗುತ್ತೆ!"

"ಹೌದಾ" ಎಂದಳು. ಆ 'ಹೌದಾ'ವನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಬೇಕಾಗಿತ್ತು.

ಅಂದಿನಿಂದ ನನ್ನ ಅರಮನೆಗೆ ಶುಕ್ರದೆಸೆ ತಿರುಗಿತು! ಬೆಳಿಗ್ಗೆ ನೋಡಿದರೆ ನಾನೂರು, ಸಂಜೆ ನೋಡಿದರೆ ಐನೂರು. ಮಲಗಿದ್ದ ಕೌಂಟರ್ ಎದ್ದು ಕುಣಿಯಿತು. ಕೊನೆಗೂ ಈ ನಾಡಿಗೆ ಅಂಚೆ ಡಬ್ಬಿಯ ಸೌಂದರ್ಯ ಕಂಡಿತಲ್ಲ ಎಂದು ನಾನು ಸ್ನಾನದ ತೊಟ್ಟಿಯಲ್ಲಿ ಕೂತು ಹಾಡತೊಡಗಿದೆ. ಮೊಚಿದಾನ ಊಟದ ಡಬ್ಬಿಯ ಮುಂದೆ ನಿಂತು, "ದಿನಕ್ಕೆ ನೂರಕ್ಕೂ ಮೇಲೆ ಜನ ಕಣಯ್ಯ! ನಿನ್ನ ಜೀವನದಲ್ಲಿ ನೂರು ಜನ ಒಟ್ಟಿಗೆ ನಿನ್ನನ್ನ ನೋಡಿದಾರಾ?" ಎಂದೆ.

"ನೋಡಿದಾರೆ. ಕಳೆದ ವರ್ಷ ನೀರು ನಿಂತಾಗ" ಎಂದ ಮೊಚಿದಾ.

ಒಂದೇ ವಿಚಿತ್ರ. ಅಷ್ಟು ಜನ ಬಂದರೂ ಅತಿಥಿ ಪುಸ್ತಕದಲ್ಲಿ ಒಬ್ಬರೂ ಅಕ್ಷರ ಮೂಡಿಸಲಿಲ್ಲ. ಸೌಂದರ್ಯದ ಮುಂದೆ ಮೂಕರಾಗಿದ್ದಾರೆ ಎಂದುಕೊಂಡೆ. ನನ್ನ ಡಬ್ಬಿಗಳೇ ಮೌನಿಗಳಲ್ಲವೇ, ಭಕ್ತರೂ ಹಾಗೇ!

ಐದು ಸಾವಿರ ಹತ್ತಿರವಾಯಿತು. ನಮ್ಮ ಜಾಲಪುಟದವರಲ್ಲಿ ಒಂದು ಪದ್ಧತಿ. ಕೌಂಟರಿನಲ್ಲಿ ದುಂಡನೆಯ ಸಂಖ್ಯೆ ಯಾರ ಕಾಲಿಗೆ ಸಿಗುತ್ತದೋ ಅವರು 'ನಾನು ತುಳಿದೆ' ಎಂದು ಅತಿಥಿ ಪುಸ್ತಕದಲ್ಲಿ ಹೇಳಿಕೊಳ್ಳಬೇಕು. ಮನೆಯೊಡೆಯ ಅವರಿಗೆ ಬಹುಮಾನ ಕೊಡಬೇಕು. ತುಳಿದು ಸುಮ್ಮನೆ ಹೊರಟುಹೋದರೆ ಅದು 'ತುಳಿದೋಟ', ಅದಕ್ಕಿಂತ ಕೀಳು ನಡತೆ ಇಲ್ಲ. ನಾನು ನನ್ನ ಅತ್ಯುತ್ತಮ ಡಬ್ಬಿಯ ಫೋಟೋಗೆ ಕಟ್ಟು ಹಾಕಿಸಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಬಹುಮಾನ ಸಿದ್ಧವೆಂದು ಪುಟದ ತುಂಬ ಡಂಗುರ ಸಾರಿದೆ.

ಜುಲೈ ಮೊದಲ ಭಾನುವಾರ. ಮಳೆ ತೆರವಾಗಿ ಸೆಖೆ ಹೊಡೆಯುತ್ತಿತ್ತು. ಸೈಕಲ್ ತುಳಿದು ಮನೆಗೆ ಬಂದು ನೋಡುತ್ತೇನೆ, ಕೌಂಟರಿನಲ್ಲಿ ಐದು ಸಾವಿರದ ಏಳು! ಗೆದ್ದೆ! ಆದರೆ ಅತಿಥಿ ಪುಸ್ತಕ ಖಾಲಿ. ತುಳಿದೋಟ! ನನ್ನ ರಕ್ತ ಕುದಿಯಿತು. "ಐದು ಸಾವಿರವನ್ನು ತುಳಿದು ಓಡಿಹೋದ ಸಂಸ್ಕಾರಹೀನರೇ! ನಾಚಿಕೆಯಿದ್ದರೆ ಮುಂದೆ ಬನ್ನಿ!" ಎಂದು ದಪ್ಪ ಕೆಂಪಕ್ಷರದಲ್ಲಿ ಬರೆದು ಹಾಕಿ, ಅಡುಗೆಮನೆಗೆ ನುಗ್ಗಿದೆ.

"ಮಿಸಾಯೊ! ಗೆದ್ದೆ! ಕೈ ತೊಳ್ಕೊ, ಈ ಬೇಸಿಗೆನೂ ನಿನ್ನದೇ! ಆದ್ರೆ ಎಂಥ ಜನ ನೋಡು, ತುಳಿದು ಓಡಿಹೋಗಿದಾರೆ!"

ಮಿಸಾಯೊ ತನ್ನ ಅಡುಗೆಯ ಮೇಲಂಗಿಗೆ ಕೈ ಒರೆಸಿಕೊಂಡಳು. "ಓಡಿಹೋಗಿಲ್ಲ. ನಮ್ಮನೇಲಿ ಕೂತಿದಾರೆ."

"ಯಾರು?"

"ಬನ್ನಿ."

ಅವಳು ತನ್ನ ಪುಟ ತೆರೆದಳು. ಒಂದು ತಿಂಗಳಿನಿಂದ ನಾನು ಕಣ್ಣೆತ್ತಿ ನೋಡದ ಪುಟ. ನೇರಳೆ ಬಣ್ಣ, ನೆಟ್ಟಗಿನ ಅಂಚು, ನಡುವೆ ಮೂಲಂಗಿ, ಕೆಳಗೆ ಕೌಂಟರ್. ಐದು ಸಾವಿರದ ಎಂಟು. ನಾನು ಕಣ್ಣುಜ್ಜಿ ನನ್ನ ಪುಟ ತೆರೆದೆ. ಐದು ಸಾವಿರದ ಒಂಬತ್ತು. ಅವಳದಕ್ಕೆ ಮರಳಿದೆ. ಐದು ಸಾವಿರದ ಹತ್ತು! ನನ್ನ ಅಚ್ಚಿನ ಜೊತೆಗೆ ನನ್ನ ಕೌಂಟರನ್ನೂ ಎತ್ತಿ ಅವಳ ಮನೆಬಾಗಿಲಿಗೆ ನೆಟ್ಟುಬಂದಿದ್ದೆ. ಒಂದು ತಿಂಗಳು ತೌಡಮ್ಮನ ಮನೆಯ ಹೊಸ್ತಿಲು ದಾಟಿದವರನ್ನೆಲ್ಲ ನನ್ನ ಅರಮನೆಯ ಭಕ್ತರೆಂದು ಎಣಿಸಿಕೊಂಡು ಸ್ನಾನದಲ್ಲಿ ಹಾಡಿದ್ದೆ! ಅಷ್ಟು ದಿನವೂ ನಾನು ಕುಟ್ಟಿದ್ದು ತೌಡು, ಅದೂ ಹೆಂಡತಿಯದು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದೆ.

"ಇಳಿದುಹೋಯ್ತು ಅಂದ ದಿನಾನೇ. ನಿಮ್ಮ ಪುಟ ತೆಗೆದು ನೋಡಿದೆ, ಅಲ್ಲೂ ಅದೇ ಸಂಖ್ಯೆ."

"ಹೇಳಬಾರದಿತ್ತಾ?"

"ಹೇಳೋಣ ಅಂತಾನೇ ಬಂದೆ. ನೀವು ಸ್ನಾನದಲ್ಲಿ ಹಾಡ್ತಾ ಇದ್ರಿ. ಹಾಡಿ ಎಷ್ಟು ವರ್ಷ ಆಗಿತ್ತು! ಬಾಗಿಲ ಹೊರಗೇ ಕೂತು ಕೇಳಿಸ್ಕೊಂಡು ವಾಪಸ್ ಹೋದೆ." ಆಮೇಲೆ ಅತಿಥಿ ಪುಸ್ತಕ ತೆರೆದು, "ಈಗ ನಿಮ್ಮ ಸಂಸ್ಕಾರಹೀನರು ಏನು ಬರೆದಿದಾರೆ ಓದಿ" ಎಂದಳು.

ಬರೆದವನು ಬೇರೆ ಯಾರು? ಹಿಮಕರಡಿಯೇ!

"ತೌಡಮ್ಮನವರೇ, ಐದು ಸಾವಿರ ನನ್ನ ಕಾಲಿಗೆ ಸಿಕ್ಕಿತು. ಬಹುಮಾನ ಕೇಳುವ ಹಕ್ಕಿದ್ದರೆ ಒಂದು ಕೇಳುತ್ತೇನೆ. ನನ್ನ ಹೆಂಡತಿಯದೂ ಒಂದು ಪೀಪಾಯಿ ಇತ್ತು. ಕೈಗೆ ವಾಸನೆ ಹತ್ತುತ್ತದೆಂದು ನಾನು ಒಮ್ಮೆಯೂ ಅದನ್ನು ಮಗುಚಲಿಲ್ಲ. ಆಕೆ ಆಸ್ಪತ್ರೆಯಲ್ಲಿದ್ದಾಗ ತೌಡು ಕೆಟ್ಟಿತು. ಆಮೇಲೆ ಆಕೆಯೂ ಹೋದಳು. ನಿಮ್ಮ ಪೀಪಾಯಿಯಿಂದ ಒಂದು ಹಿಡಿ ತೌಡು ಕಳುಹಿಸಿದರೆ, ಅದನ್ನು ಬೀಜವಾಗಿಟ್ಟುಕೊಂಡು ಮತ್ತೆ ಶುರುಮಾಡುತ್ತೇನೆ. ಎಪ್ಪತ್ತೊಂದಕ್ಕೆ ಕಲಿಯಬಹುದೆಂದು ನಂಬಿದ್ದೇನೆ."

ಮೂರು ತಿಂಗಳು ಮನಸ್ಸಿನಲ್ಲೇ ಮಲ್ಲಯುದ್ಧ ಮಾಡಿದ್ದು ಈ ಮುದುಕನ ಜೊತೆಗೆ! ಪಕ್ಕದಲ್ಲಿ ಮಿಸಾಯೊ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮೆಲ್ಲನೆ ಒತ್ತಿಕೊಳ್ಳುತ್ತಿದ್ದಳು. ಬಹಳ ದಿನಗಳಿಂದಲೂ ಹಾಗೆ ಒತ್ತಿಕೊಳ್ಳುತ್ತಿದ್ದಳು. ನನ್ನ ಕಣ್ಣು ಕೌಂಟರಿನ ಮೇಲೆ ನೆಟ್ಟಿದ್ದರಿಂದ ಕಂಡಿರಲಿಲ್ಲ, ಅಷ್ಟೆ.

"ಪಣ..." ಎಂದೆ.

"ಇಬ್ಬರ ಕೌಂಟರೂ ಒಟ್ಟಿಗೇ ಮುಟ್ಟಿತಲ್ಲ. ಸಮ ಸಮ ಅನ್ನೋಣ್ವಾ?" ಅವಳ ಕಣ್ಣಿನಲ್ಲಿ ನಗು.

ನಾನು ಅಂಗಿಯ ತೋಳು ಮಡಚಿದೆ. ಅಡುಗೆಮನೆಯ ಮೂಲೆಯ ಮುಚ್ಚಳ ತೆಗೆದೆ. ಒಂದು ಉಸಿರೆಳೆದು ಕೈ ಇಳಿಸಿದೆ. ತಣ್ಣಗೆ, ಮೆತ್ತಗೆ, ಒಳಗೆಲ್ಲೋ ಯಾರೋ ಕೈ ಹಿಡಿದ ಹಾಗಿತ್ತು.

"ತಳದಿಂದ. ತಳದಿಂದ ಮಗುಚಿ! ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗಲ್ಲ!" ಎಂದಳು ಮಿಸಾಯೊ.

ರೇಷ್ಮೆ ಬಟ್ಟೆ ಬಿಚ್ಚಿ, ಫೋಟೋ ಬದಿಗಿಟ್ಟು, ಅದರಲ್ಲೇ ತೌಡಿನ ಪೊಟ್ಟಣ ಸುತ್ತಿ ಹೊಕ್ಕೈದೋಗೆ ಕಳುಹಿಸಿದೆವು. ನನ್ನ ದಪ್ಪ ಕೆಂಪಕ್ಷರ ಅಳಿಸಿದೆ. ಕೌಂಟರನ್ನು ಅವಳಿಗೇ ಬಿಟ್ಟು ನನಗೆ ಹೊಸದೊಂದು ಹಾಕಿಕೊಂಡೆ. ಅದು ಸೊನ್ನೆಯಿಂದ ಶುರುವಾಯಿತು. ಮೂಲಂಗಿಯ ಪಕ್ಕದ ಬರಹವನ್ನು, ಅತಿಥಿಗಳ ಅಪೇಕ್ಷೆಯಂತೆ, ಮತ್ತೆ ಕೆಡಿಸಿಕೊಟ್ಟೆ. ಸರಿಪಡಿಸುವುದಕ್ಕಿಂತ ಹಾಗೆ ಕೆಡಿಸುವುದೇ ಕಷ್ಟ, ನಂಬಿ!

ಕಛೇರಿಯಲ್ಲಿ ಮೊಚಿದಾ ಕುರ್ಚಿಯನ್ನು ಕಿಟಕಿಯ ಕಡೆ ಸರಿಸಿಕೊಂಡ. ನಾನು ಕೈ ಜೇಬಿನಲ್ಲಿಟ್ಟುಕೊಂಡೆ.

ಆಗಸ್ಟ್ ಮುಗಿಯುತ್ತಿತ್ತು. ಒಂದು ಸಂಜೆ ಮಿಸಾಯೊ ಅತಿಥಿ ಪುಸ್ತಕ ಓದಿ ಹೇಳಿದಳು. ಹಿಮಕರಡಿ ಬರೆದಿದ್ದ: "ತೌಡಮ್ಮನವರೇ, ನೀವು ಕೊಟ್ಟ ತೌಡು ನನ್ನ ಕೈಗೆ ಒಗ್ಗಿದೆ. ಮೊನ್ನೆ ನೀವು ಹಾಕಿದ ಬದನೆಯ ಫೋಟೋ ನೋಡಿದೆ. ಇಷ್ಟು ಆಳವಾದ ಬಣ್ಣ ನಿಮ್ಮಲ್ಲೂ ಹಿಂದೆ ಕಂಡಿರಲಿಲ್ಲ. ಆಹಾ, ನಿಮ್ಮ ಆ ಮೃದುವಾದ ಕೈ!"

"ಯಾರ ಕೈ?" ನಾನು ಪೀಪಾಯಿಯ ಮುಂದಿನಿಂದ, ಮೊಣಕೈಯವರೆಗೆ ತೌಡು ಮೆತ್ತಿಕೊಂಡು ಎದ್ದೆ. "ಯಾರ ಕೈ ಅಂತೆ? ಎರಡು ತಿಂಗಳಿಂದ ಮಗುಚ್ತಾ ಇರೋದು ಯಾರು? ಹೊಗಳಿಕೆ ಮಾತ್ರ ನಿನಗಾ? ಬರಿ! ಅದು ನನ್ನ ಕೈ ಅಂತ ಈಗಲೇ ಬರಿ!"

"ಈಗ ಯಾರ ಮೇಲೆ ಹೊಟ್ಟೆಕಿಚ್ಚು? ಕರಡಿ ಮೇಲಾ, ನನ್ನ ಮೇಲಾ?"

ನಾನು ನನ್ನ ಬಲಗೈಯನ್ನು ನೋಡಿಕೊಂಡೆ. ಇಪ್ಪತ್ತು ವರ್ಷ ಕಡತ ತಿರುವಿದ ಆ ಕೈಗೆ ಮೊದಲ ಬಾರಿಗೆ ಒಬ್ಬರು 'ಆಹಾ' ಎಂದಿದ್ದರು. ನನಗಂತೂ ಯಾರೂ ಹಾಗೆ ಅಂದಿರಲಿಲ್ಲ.

"ಇದರ ಮೇಲೆ" ಎಂದೆ.

ಮಿಸಾಯೊ ಹೊಟ್ಟೆ ಹಿಡಿದು ನಕ್ಕಳು. ಕಣ್ಣೊರೆಸಿಕೊಂಡು, ಕಂಪ್ಯೂಟರಿನ ಕಡೆಗೆ ಕುರ್ಚಿ ಎಳೆದುಕೊಳ್ಳುತ್ತಾ ಅಂದಳು:

"ಸರಿ, ಅಳಬೇಡಿ. ನಿಮ್ಮ ಕೈಗೂ ಒಂದು ಪುಟ ಕಟ್ಟಿಕೊಡ್ತೀನಿ. ಆದ್ರೆ ಈ ಸಲ ಕೌಂಟರ್ ಹಾಕೋಳು ನಾನು!"